ಇಂಗ್ಲಿಷ್ ಉಚ್ಚಾರಣೆ: ದೋಷ ನಾಲಿಗೆಯದೋ, ಕಿವಿಯದೋ?

(ಅಲ್ ಕುಸೈಸ್‌ನಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾವೆಲ್ಲರೂ ಇಂದು ಸೇರಿರುವ ಈ ಬಡಾವಣೆಯ ಹೆಸರಿನಿಂದಲೇ ವಿಷಯವನ್ನು ಪ್ರವೇಶಿಸಬಹುದು. ಕನ್ನಡಿಗರಾದ ನಾವು ಇದನ್ನು 'ಕುಸೈಸ್' ಎನ್ನುತ್ತೇವೆ. ಅರಬ್ಬೀ ಲಿಪಿಯಲ್ಲಿ ಈ ಹೆಸರಿನ ಮೊದಲ ವ್ಯಂಜನವು ನಮ್ಮ ಕಕಾರವಲ್ಲ. ಅದು ಕಿರುನಾಲಿಗೆಯ ಬಳಿ, ಗಂಟಲಿನ ಆಳದಲ್ಲಿ ಹುಟ್ಟುವ ಧ್ವನಿ. ಈ ನಾಡಿನ ಮೂಲನಿವಾಸಿಗಳು ಆಡುಮಾತಿನಲ್ಲಿ ಅದನ್ನೇ ಗಕಾರವಾಗಿಸಿ 'ಗುಸೈಸ್' ಎನ್ನುತ್ತಾರೆ. ಕೊನೆಯ ಸಕಾರವೂ ನಮ್ಮ ಸಕಾರವಲ್ಲ. ಹೀಗಿರುವಾಗ, ನಮ್ಮ ಮನೆಯ ವಿಳಾಸವನ್ನೇ ನಾವು ದಿನವೂ ತಪ್ಪಾಗಿ ಉಚ್ಚರಿಸುತ್ತಿದ್ದೇವೆ ಎಂದಾಯಿತು. ಆದರೆ ಟ್ಯಾಕ್ಸಿಯವನು ನಮ್ಮನ್ನು ಸರಿಯಾಗಿಯೇ ಮನೆ ತಲುಪಿಸುತ್ತಾನೆ. ಯಾರೂ ನಮ್ಮನ್ನು ಅವಿದ್ಯಾವಂತರೆಂದು ಭಾವಿಸುವುದಿಲ್ಲ. ಅದೇ ವ್ಯಕ್ತಿ ಇಂಗ್ಲಿಷ್ ಮಾತನಾಡುವಾಗ 'ಎಗ್' ಎಂಬುದನ್ನು 'ಯೆಗ್' ಎಂದರೆ ಸಾಕು, ಎದುರಿನವರ ಮುಖದಲ್ಲಿ ನಗೆಯೊಂದು ಸುಳಿಯುತ್ತದೆ. ಒಂದು ವ್ಯತ್ಯಾಸಕ್ಕೆ ಕ್ಷಮೆ, ಇನ್ನೊಂದಕ್ಕೆ ಅಪಹಾಸ್ಯ ಏಕೆ? ಇದೇ ನಮ್ಮ ಇಂದಿನ ವಿಚಾರ.

ವೈದ್ಯರಿಗೆ ಭಾಷೆಯ ಗೊಡವೆ ಏಕೆ ಎಂದು ತಾವು ಕೇಳಬಹುದು. ದುಬೈಯ ಯಾವುದೇ ಚಿಕಿತ್ಸಾಲಯವನ್ನು ನೋಡಿ. ನೋಂದಣಿ ಮಾಡಿಕೊಳ್ಳುವವರು ಫಿಲಿಪ್ಪೀನ್ಸಿನವರು, ದಾದಿ ಕೇರಳದವರು, ವೈದ್ಯರು ಈಜಿಪ್ಟಿನವರೋ ಭಾರತದವರೋ, ರೋಗಿ ಪೇಶಾವರದ ಚಾಲಕನೋ ಪುತ್ತೂರಿನ ಗೃಹಿಣಿಯೋ ಆಗಿರುತ್ತಾರೆ. ಇವರೆಲ್ಲರನ್ನೂ ಕಟ್ಟಿಹಾಕುವ ಭಾಷೆ ಇಂಗ್ಲಿಷ್. ಆದರೆ ಅದು ಇವರಲ್ಲಿ ಒಬ್ಬರ ಮನೆಮಾತೂ ಅಲ್ಲ. ಹೊಟ್ಟೆನೋವು ಎಲ್ಲಿಂದ ಆರಂಭವಾಯಿತು, ಮಾತ್ರೆ ಎಷ್ಟು ಮಿಲಿಗ್ರಾಂ, ಊಟಕ್ಕೆ ಮೊದಲೋ ಅನಂತರವೋ ಎಂಬುದೆಲ್ಲ ಈ ಎರವಲು ಭಾಷೆಯಲ್ಲೇ ಸಾಗಬೇಕು. ತನ್ನ ಮಾತು ಕೇಳಿ ನಕ್ಕಾರು ಎಂಬ ಅಂಜಿಕೆಯುಳ್ಳ ರೋಗಿ ನೋವನ್ನು ಅರ್ಧ ಹೇಳಿ ಸುಮ್ಮನಾಗುತ್ತಾರೆ. ಆ ಉಳಿದ ಅರ್ಧದಲ್ಲಿ ರೋಗನಿದಾನವೇ ಅಡಗಿರಬಹುದು. 'ಶಾಲೆಯ ಸಭೆಗೆ ನೀನು ಬರಬೇಡಮ್ಮಾ, ಅಪ್ಪ ಬರಲಿ' ಎಂದು ಮಕ್ಕಳು ಹೇಳಿದ್ದನ್ನು ನಮ್ಮಲ್ಲಿಗೆ ಬರುವ ತಾಯಂದಿರು ಸಂಕೋಚದಿಂದ ತಿಳಿಸುವುದೂ ಉಂಟು. ಆದ್ದರಿಂದ ಇದು ಕೇವಲ ವ್ಯಾಕರಣದ ಪ್ರಶ್ನೆಯಲ್ಲ.

ಮೊದಲು, ಉಚ್ಚಾರಣೆಯಲ್ಲಿ ಭೇದ ಹುಟ್ಟುವುದು ಹೇಗೆ ಎಂಬುದನ್ನು ನೋಡೋಣ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಹಸುಗೂಸುಗಳ ಶ್ರವಣವನ್ನು ಕುರಿತ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹಿಂದಿಯ ತಕಾರ ಹಾಗೂ ಟಕಾರಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಲಾಯಿತು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಎರಡರ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ವೇಳೆಗೆ ಆ ಶಕ್ತಿ ಬಹುಮಟ್ಟಿಗೆ ಮರೆಯಾಗಿತ್ತು. ಅಂದರೆ, ಮಗು ಇನ್ನೂ ನಡೆಯಲು ಕಲಿಯುವ ಮೊದಲೇ ಅದರ ಕಿವಿಯು ಮನೆಮಾತಿಗೆ ಬೇಕಾದ ಭೇದಗಳನ್ನು ಉಳಿಸಿಕೊಂಡು ಬೇಡವಾದವನ್ನು ಕೈಬಿಡತೊಡಗುತ್ತದೆ. ನಮ್ಮ ಮಗು 'ತಲೆ' ಎಂಬಲ್ಲಿನ ತಕಾರವನ್ನೂ 'ಟೋಪಿ' ಎಂಬಲ್ಲಿನ ಟಕಾರವನ್ನೂ ಉಳಿಸಿಕೊಳ್ಳುತ್ತದೆ. ಲಂಡನ್ನಿನ ಮಗು ಬಿಟ್ಟುಬಿಡುತ್ತದೆ. ಇಲ್ಲಿ ಜಾಣತನ, ದಡ್ಡತನಗಳ ಮಾತಿಲ್ಲ. ಇದು ಮಿದುಳಿನ ಮಿತವ್ಯಯ.

ಈಗ ನಮ್ಮ ನಾಲಿಗೆಯನ್ನೇ ಪರೀಕ್ಷಿಸೋಣ. ಇಂಗ್ಲಿಷರ 'ಟೀ' ಎಂಬ ಪದದ ಮೊದಲ ಧ್ವನಿಗೆ ನಾಲಿಗೆಯ ತುದಿ ಮೇಲ್ಹಲ್ಲುಗಳ ಹಿಂದಿನ ವಸಡಿನ ಉಬ್ಬನ್ನು ಮುಟ್ಟುತ್ತದೆ. ನಮ್ಮ ತಕಾರ ಅದಕ್ಕಿಂತ ಮುಂದೆ, ಹಲ್ಲಿನಲ್ಲಿ; ಟಕಾರ ಅದಕ್ಕಿಂತ ಹಿಂದೆ, ನಾಲಿಗೆ ಮಡಿಸಿದಾಗ. ಇಂಗ್ಲಿಷಿನ ಧ್ವನಿ ಈ ಎರಡರ ನಡುವಿನದು. ನಮ್ಮ ಕಿವಿ ಅದನ್ನು ಟಕಾರದ ಖಾನೆಗೆ ಸೇರಿಸಿತು. ಭಾರತೀಯರ ಇಂಗ್ಲಿಷಿಗೆ ಅದರ ವಿಶಿಷ್ಟ ನಾದ ಬಂದದ್ದು ಮುಖ್ಯವಾಗಿ ಇದರಿಂದ. ಹಾಗೆಯೇ, ಇಂಗ್ಲಿಷರು ಪದದ ಮೊದಲಲ್ಲಿ ಬರುವ ಪ, ಟ, ಕ ಧ್ವನಿಗಳನ್ನು ಸ್ವಲ್ಪ ಉಸಿರು ಬೆರೆಸಿ ನುಡಿಯುತ್ತಾರೆ. ನಮಗೆ ಮಹಾಪ್ರಾಣವೆಂಬುದು ಬೇರೆಯೇ ಅಕ್ಷರ. ಆದ್ದರಿಂದ ಶುದ್ಧ ಅಲ್ಪಪ್ರಾಣವನ್ನೇ ಬಳಸುತ್ತೇವೆ. ಉಸಿರನ್ನು ನಿರೀಕ್ಷಿಸುವ ಇಂಗ್ಲಿಷ್ ಕಿವಿಗೆ ಅದು ಬಕಾರದಂತೆ ಕೇಳಿಸಬಹುದು. ನಾವು 'ಪಿಲ್' ಕೇಳಿದರೆ ಅವರಿಗೆ 'ಬಿಲ್' ಎಂದು ಕೇಳಿಸೀತು! ಆಸ್ಪತ್ರೆಯಲ್ಲಿ ಇವೆರಡೂ ಸಿಗುವುದರಿಂದ ಗೊಂದಲಕ್ಕೆ ಆಸ್ಪದ ಹೆಚ್ಚು.

ಇಂಗ್ಲಿಷಿನಲ್ಲಿ ಎರಡು ವಕಾರಗಳಿವೆ. ಒಂದರಲ್ಲಿ ಮೇಲ್ಹಲ್ಲು ಕೆಳದುಟಿಯನ್ನು ಮುಟ್ಟುತ್ತದೆ. ಇನ್ನೊಂದರಲ್ಲಿ ಹಲ್ಲು ಮುಟ್ಟದೆ ತುಟಿಗಳು ದುಂಡಾಗುತ್ತವೆ. ಬನಿಯನ್ ಎಂಬರ್ಥದ 'ವೆಸ್ಟ್', ಪಶ್ಚಿಮ ಎಂಬರ್ಥದ 'ವೆಸ್ಟ್' ಇವೆರಡನ್ನೂ ಕನ್ನಡದಲ್ಲಿ ಒಂದೇ ರೀತಿ ಬರೆಯಬೇಕಾಗಿ ಬಂದಿರುವುದೇ ನಮ್ಮ ಲಿಪಿಯಲ್ಲಿ ಈ ಭೇದವಿಲ್ಲವೆಂಬುದಕ್ಕೆ ಸಾಕ್ಷಿ. ಪದದ ಮೊದಲಿನ ಎಕಾರಕ್ಕೆ ಯಕಾರವೂ ಒಕಾರಕ್ಕೆ ವಕಾರವೂ ನಮ್ಮ ಆಡುಮಾತಿನಲ್ಲಿ ತಾವಾಗಿಯೇ ಬಂದು ಸೇರುತ್ತವೆ. 'ಎಲ್ಲ' ಎಂದು ಬರೆದು 'ಯೆಲ್ಲ' ಎನ್ನುವ, 'ಒಂದು' ಎಂದು ಬರೆದು 'ವೊಂದು' ಎನ್ನುವ ನಾಲಿಗೆ 'ಎಗ್' ಅನ್ನು 'ಯೆಗ್' ಎಂದೂ 'ಓನ್ಲಿ'ಯನ್ನು 'ವೋನ್ಲಿ' ಎಂದೂ ನುಡಿದರೆ ಅದು ಅಜ್ಞಾನವಲ್ಲ, ಕನ್ನಡದ ನಿಯಮಪಾಲನೆ. ಕನ್ನಡ ಪದಗಳು ಸಾಮಾನ್ಯವಾಗಿ ಸ್ವರಾಂತವಾದ್ದರಿಂದ ಬಸ್ 'ಬಸ್ಸು' ಆಯಿತು, ಕಾರ್ 'ಕಾರು' ಆಯಿತು.

ಇತರರೂ ಹೀಗೆಯೇ. ಅರಬ್ಬೀ ಭಾಷೆಯಲ್ಲಿ ಪಕಾರವಿಲ್ಲ. ಆದ್ದರಿಂದ ಇಲ್ಲಿ 'ಪಾರ್ಕಿಂಗ್' ಎಂಬುದು 'ಬಾರ್ಕಿಂಗ್' ಎಂದು ಕೇಳಿಬರುತ್ತದೆ. ಫಿಲಿಪ್ಪೀನ್ಸಿನ ತಗಾಲೋಗ್ ಭಾಷಿಕರಲ್ಲಿ ಹಲವರು ಇಂಗ್ಲಿಷಿನ ಫಕಾರವನ್ನು ಪಕಾರವಾಗಿ ನುಡಿಯುತ್ತಾರೆ. ಉತ್ತರ ಭಾರತದ ಅನೇಕರಿಗೆ 'ಸ್ಕೂಲ್' ಎಂಬುದು 'ಇಸ್ಕೂಲ್'. ಇನ್ನು ಇಂಗ್ಲಿಷರಿಗೆ ನಮ್ಮ ಳಕಾರ, ಣಕಾರಗಳು ಕಬ್ಬಿಣದ ಕಡಲೆ. ಪ್ರತಿಯೊಬ್ಬರೂ ತಮ್ಮ ತಾಯ್ನುಡಿಯ ಅಚ್ಚಿನಲ್ಲೇ ಪರಭಾಷೆಯನ್ನು ಎರಕ ಹೊಯ್ಯುತ್ತಾರೆ.

ಹಾಗಾದರೆ ಯಾವುದೋ ಒಂದು ಅಚ್ಚು ಶ್ರೇಷ್ಠ, ಇನ್ನೊಂದು ಕನಿಷ್ಠ ಎಂಬ ತೀರ್ಪು ಎಲ್ಲಿಂದ ಬಂತು? ಅದು ಧ್ವನಿಯ ಗುಣದಿಂದ ಬಂದದ್ದಲ್ಲ ಎಂಬುದಕ್ಕೆ ರಕಾರವೊಂದೇ ಸಾಕ್ಷಿ. ಲಂಡನ್ನಿನ ಪ್ರತಿಷ್ಠಿತ ಇಂಗ್ಲಿಷಿನಲ್ಲಿ 'ಕಾರ್', 'ಫೋರ್' ಪದಗಳ ಕೊನೆಯ ರಕಾರವನ್ನು ನುಡಿಯುವುದಿಲ್ಲ. ನುಡಿದರೆ ಹಳ್ಳಿಯ ಮಾತು ಎನ್ನುವವರಿದ್ದಾರೆ. ನ್ಯೂಯಾರ್ಕಿನಲ್ಲಿ ಇದು ತಲೆಕೆಳಗು. ವಿಲಿಯಂ ಲೇಬೊವ್ ಎಂಬ ಭಾಷಾವಿಜ್ಞಾನಿ 1962ರಲ್ಲಿ ಅಲ್ಲಿನ ಮೂರು ಬಗೆಯ ಮಳಿಗೆಗಳಿಗೆ ಹೋಗಿ, ನಾಲ್ಕನೆಯ ಮಹಡಿಯಲ್ಲಿರುವ ಸರಕು ಎಲ್ಲಿದೆ ಎಂದು ನೌಕರರನ್ನು ಕೇಳುತ್ತಾ, ಅವರು 'ಫೋರ್ತ್ ಫ್ಲೋರ್' ಎನ್ನುವಾಗ ರಕಾರವನ್ನು ಗಮನಿಸಿದರು. ಸಿರಿವಂತರ ಮಳಿಗೆಯಲ್ಲಿ ರಕಾರ ಹೆಚ್ಚು, ಅಗ್ಗದ ಮಳಿಗೆಯಲ್ಲಿ ಕಡಿಮೆ. ಅಲ್ಲಿ ರಕಾರ ನುಡಿಯುವುದು ಪ್ರತಿಷ್ಠೆ! ಅದೇ ಅಕ್ಷರ ಅಟ್ಲಾಂಟಿಕ್ ಸಾಗರದ ಒಂದು ದಡದಲ್ಲಿ ಒರಟುತನ, ಇನ್ನೊಂದು ದಡದಲ್ಲಿ ನಾಗರಿಕತೆ. ನಾವು ತೂಗುತ್ತಿರುವುದು ಧ್ವನಿಯನ್ನಲ್ಲ, ಅದನ್ನು ನುಡಿಯುವವರ ಅಂತಸ್ತನ್ನು.

ಕನ್ನಡಿಗರೂ ಈ ದೋಷದಿಂದ ಮುಕ್ತರಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿತು. ಇಂದು ಮೈಸೂರಿನ ಕಡೆಯವರು ಧಾರವಾಡದ 'ಮನಿ'ಗೆ ನಗುತ್ತಾರೆ. ಮಂಗಳೂರು ಕನ್ನಡವನ್ನು ಚಲನಚಿತ್ರಗಳು ಹಾಸ್ಯಪಾತ್ರಕ್ಕೆ ಬಳಸುತ್ತವೆ. ಹಕಾರದ ಕಥೆ ಇನ್ನೂ ಸ್ವಾರಸ್ಯಕರ. ಹಳಗನ್ನಡದಲ್ಲಿ 'ಪಾಲ್' ಆಗಿದ್ದದ್ದು ಮುಂದೆ 'ಹಾಲು' ಆಯಿತು, 'ಪುಲಿ' 'ಹುಲಿ'ಯಾಯಿತು. ಇದನ್ನು ನಾವು ಭಾಷೆಯ ವಿಕಾಸವೆಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಅದೇ ವಿಕಾಸ ಇನ್ನೊಂದು ಹೆಜ್ಜೆ ಮುಂದುವರಿದು ಹಳೆಯ ಮೈಸೂರಿನ ರೈತನ ಬಾಯಲ್ಲಿ 'ಆಲು' ಆದರೆ ಅದಕ್ಕೆ ಅಶುದ್ಧಿ ಎನ್ನುತ್ತೇವೆ. ಪಕಾರ ಬಿಟ್ಟವರು ವಿದ್ವಾಂಸರು, ಹಕಾರ ಬಿಟ್ಟವರು ಗಮಾರರು! ಲಂಡನ್ನಿನ ಕಾರ್ಮಿಕ ವರ್ಗದವರೂ ಹಕಾರವನ್ನು ಬಿಡುತ್ತಾರೆ, ಅಲ್ಲಿಯೂ ಅದೇ ತೀರ್ಪು. 1960ರ ಹೊತ್ತಿಗೆ ಕನ್ನಡದ ಜಾತಿವಾರು ನುಡಿಭೇದಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿಲಿಯಂ ಬ್ರೈಟ್, ಇಂಗ್ಲಿಷಿನಿಂದ ಬಂದ ಧ್ವನಿಗಳು ಬ್ರಾಹ್ಮಣರ ನುಡಿಯಲ್ಲಿ ಉಳಿದು ಇತರರ ನುಡಿಯಲ್ಲಿ ಕನ್ನಡದ ಧ್ವನಿಗಳಾಗಿ ಮಾರ್ಪಡುವುದನ್ನು ಗುರುತಿಸಿದರು. 'ಕಾಫಿ', 'ಕಾಪಿ'ಗಳ ನಡುವಣ ಅಂತರದಲ್ಲಿ ಶಾಲೆ, ಜಾತಿ, ಪೇಟೆ ಎಲ್ಲವೂ ಅಡಗಿವೆ.

ಕೇಳುವವರ ಪೂರ್ವಗ್ರಹವನ್ನು ಅಳೆದು ತೋರಿಸಿದ ಪ್ರಯೋಗಗಳೂ ಇವೆ. 1960ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು, ಎರಡು ಭಾಷೆಗಳನ್ನೂ ಬಲ್ಲ ಒಬ್ಬೊಬ್ಬರಿಂದಲೇ ಇಂಗ್ಲಿಷಿನಲ್ಲಿಯೂ ಫ್ರೆಂಚಿನಲ್ಲಿಯೂ ಒಂದೇ ವಿಷಯವನ್ನು ಓದಿಸಿ ಧ್ವನಿಮುದ್ರಿಸಿ ಕೇಳಿಸಿದರು. ಎರಡೂ ಒಬ್ಬರದೇ ಧ್ವನಿ ಎಂಬುದು ಕೇಳುವವರಿಗೆ ತಿಳಿಯದು. ಇಂಗ್ಲಿಷಿನಲ್ಲಿ ಓದಿದಾಗ ಅದೇ ವ್ಯಕ್ತಿ ಹೆಚ್ಚು ಬುದ್ಧಿವಂತನೆನಿಸಿದ. ವಿಷಾದದ ಸಂಗತಿಯೆಂದರೆ, ಫ್ರೆಂಚ್ ಭಾಷಿಕರೇ ತಮ್ಮ ಭಾಷೆಯ ಧ್ವನಿಗೆ ಕಡಿಮೆ ಅಂಕ ನೀಡಿದರು. ಇನ್ನೊಬ್ಬರ ತಕ್ಕಡಿಯಲ್ಲಿ ತಮ್ಮನ್ನು ತಾವೇ ತೂಗಿಕೊಳ್ಳುವುದೆಂದರೆ ಇದೇ.

1992ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಪ್ರಕಟಿಸಿದ ಪ್ರಯೋಗ ಇನ್ನೂ ಆಶ್ಚರ್ಯಕರ. ಅಮೆರಿಕದವರೇ ಆದ ಒಬ್ಬ ಮಹಿಳೆಯ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸುತ್ತಾ, ಕೆಲವರಿಗೆ ಬಿಳಿಯ ಮಹಿಳೆಯ ಚಿತ್ರವನ್ನೂ ಇನ್ನು ಕೆಲವರಿಗೆ ಏಷ್ಯಾದ ಮಹಿಳೆಯ ಚಿತ್ರವನ್ನೂ ತೋರಿಸಿದರು. ಧ್ವನಿ ಒಂದೇ. ಆದರೂ ಏಷ್ಯಾದ ಮುಖ ಕಂಡವರಿಗೆ ವಿದೇಶೀ ಉಚ್ಚಾರಣೆ 'ಕೇಳಿಸಿತು'. ಪಾಠವೂ ಅವರಿಗೆ ಕಡಿಮೆ ಅರ್ಥವಾಯಿತು. ಇಲ್ಲದ ಉಚ್ಚಾರಣಾದೋಷವನ್ನು ಕಣ್ಣು ಸೃಷ್ಟಿಸಿ ಕಿವಿಗೆ ಒಪ್ಪಿಸಿತು. 2010ರಲ್ಲಿ ಷಿಕಾಗೋದ ಶಿರಿ ಲೆವ್-ಆರಿ ಮತ್ತು ಬೋಆಜ್ ಕೀಸರ್ ಅವರು, ಒಂಟೆಗಿಂತ ಜಿರಾಫೆ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು ಎಂಬಂತಹ ವಾಕ್ಯಗಳು ಪರಕೀಯ ಉಚ್ಚಾರಣೆಯಲ್ಲಿ ಬಂದರೆ ಕೇಳುವವರು ಕಡಿಮೆ ನಂಬುತ್ತಾರೆಂದು ತೋರಿಸಿದರು. ಅರ್ಥ ಮಾಡಿಕೊಳ್ಳಲು ಪಟ್ಟ ಶ್ರಮವನ್ನು ಮನಸ್ಸು ಅಪನಂಬಿಕೆಯೆಂದು ಭ್ರಮಿಸುತ್ತದೆ ಎಂಬುದು ಅವರ ವಿವರಣೆ. ನ್ಯಾಯಾಲಯದ ಸಾಕ್ಷಿ, ಕೆಲಸದ ಸಂದರ್ಶನ, ವೈದ್ಯರ ಮುಂದಿನ ರೋಗಿ ಇವರನ್ನು ನೆನೆದರೆ ಇದರ ಗಾಂಭೀರ್ಯ ತಿಳಿಯುತ್ತದೆ.

ವೈದ್ಯಶಾಸ್ತ್ರದ ಇತಿಹಾಸದಲ್ಲಿಯೂ ಒಂದು ಮನಕಲಕುವ ಪ್ರಕರಣವಿದೆ. ಜರ್ಮನರ ವಶದಲ್ಲಿದ್ದ ನಾರ್ವೆಯಲ್ಲಿ 1941ರ ವಾಯುದಾಳಿಯೊಂದರಲ್ಲಿ ಮಹಿಳೆಯೊಬ್ಬರ ತಲೆಗೆ ಬಾಂಬಿನ ಚೂರು ತಗುಲಿತು. ಚೇತರಿಸಿಕೊಂಡಾಗ ಅವರ ನಾರ್ವೇಜಿಯನ್ ಮಾತಿನ ಏರಿಳಿತ ಬದಲಾಗಿ, ಕೇಳಿದವರಿಗೆ ಜರ್ಮನ್ನರ ಮಾತಿನಂತೆ ತೋರಿತು. ಅಂಗಡಿಯವರು ಅವರಿಗೆ ಸಾಮಾನು ಮಾರಲು ನಿರಾಕರಿಸಿದರು. ಮಾನ್ರಾಡ್-ಕ್ರೋನ್ ಎಂಬ ನರರೋಗತಜ್ಞರು ಇದನ್ನು 1947ರಲ್ಲಿ ವರದಿ ಮಾಡಿದರು. ವಾಯುದಾಳಿಯಲ್ಲಿ ಗಾಯಗೊಂಡವರನ್ನು ಉಚ್ಚಾರಣೆಯ ಬಲದಿಂದಲೇ ಶತ್ರುವೆಂದು ತೀರ್ಮಾನಿಸಲಾಯಿತು!

ಹಾಗೆಂದು, ಹೇಗೆ ಬೇಕಾದರೂ ಮಾತನಾಡಬಹುದೆಂದು ನಾವು ಹೇಳುತ್ತಿಲ್ಲ. ಇಲ್ಲೊಂದು ವಿವೇಕ ಅಗತ್ಯ. ಉಚ್ಚಾರಣೆ ಭಿನ್ನವಾಗಿರುವುದು ಬೇರೆ, ಮಾತು ಅರ್ಥವಾಗದಿರುವುದು ಬೇರೆ. ಮರ್ರೇ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇಳುಗರು 'ಬಹಳ ವಿದೇಶೀಯ' ಎಂದು ಗುರುತಿಸಿದ ಮಾತುಗಳಲ್ಲಿ ಅನೇಕವನ್ನು ಅವರೇ ಒಂದಕ್ಷರವೂ ತಪ್ಪದೆ ಬರೆದುಕೊಂಡಿದ್ದರು. ನಮ್ಮ ದೇಶದಲ್ಲಿ ಆರ್. ಕೆ. ಬನ್ಸಲ್ ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ 1969ರಲ್ಲಿ ಪ್ರಕಟಿಸಿದ ಅಧ್ಯಯನವು, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ಪದದ ತಪ್ಪು ಜಾಗದಲ್ಲಿ ಒತ್ತು ಹಾಕುವುದು ಒಂದು ಮುಖ್ಯ ಕಾರಣವೆಂದು ತೋರಿಸಿತು. ನಾವು ಅಕ್ಷರಗಳ ಬಗ್ಗೆ ಚಿಂತಿಸುತ್ತೇವೆ. ತೊಡಕು ಇರುವುದು ಲಯದಲ್ಲಿ.

ಜೀವದ ಪ್ರಶ್ನೆಯಿರುವ ಕ್ಷೇತ್ರಗಳು ಈ ವಿವೇಕವನ್ನು ಎಂದೋ ಕಂಡುಕೊಂಡಿವೆ. ನಮ್ಮ ಮನೆಗಳ ಸಮೀಪದಲ್ಲೇ ಇಳಿಯುವ ವಿಮಾನಗಳನ್ನು ಗಮನಿಸಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ರೇಡಿಯೋ ಸಂಭಾಷಣೆಯಲ್ಲಿ ಮೂರು ಎಂಬುದಕ್ಕೆ 'ಟ್ರೀ' ಎಂದೂ, ಐದಕ್ಕೆ 'ಫೈಫ್' ಎಂದೂ, ಒಂಬತ್ತಕ್ಕೆ 'ನೈನರ್' ಎಂದೂ ನುಡಿಯಬೇಕು. 'ಥ್ರೀ' ಎನ್ನಲಾರದೆ 'ಟ್ರೀ' ಎಂದವರನ್ನು ನಾವು ನಗುತ್ತೇವೆ. ಆಕಾಶದಲ್ಲಿ ಅದೇ ಶಾಸ್ತ್ರಸಮ್ಮತ! ಆ ಸಂಸ್ಥೆಯ ಭಾಷಾ ಮಾಪನದಲ್ಲಿ ಅತ್ಯುಚ್ಚವಾದ ಆರನೆಯ ಹಂತವೂ ಮಾತೃಭಾಷೆಯ ಛಾಯೆಯನ್ನು ನಿಷೇಧಿಸುವುದಿಲ್ಲ. ಅದು ಅರ್ಥಕ್ಕೆ ಅಡ್ಡಿಯಾಗಬಾರದು, ಅಷ್ಟೇ. ಅಮೆರಿಕದ ವೈದ್ಯಕೀಯ ಪರವಾನಗಿಗೆ 2004ರಿಂದ 2020ರವರೆಗೆ ನಡೆದ ಪ್ರಾಯೋಗಿಕ ಪರೀಕ್ಷೆಯಲ್ಲಿಯೂ ಮಾತಿಗೆ ಅಂಕವಿತ್ತು. ಅಲ್ಲಿಯೂ ಕೇಳುವವರಿಗೆ ಎಷ್ಟು ಶ್ರಮವಾಗುತ್ತದೆ ಎಂಬುದೇ ಅಳತೆಗೋಲು.

ಕೆಲವೊಮ್ಮೆ ನಮ್ಮ ಉಚ್ಚಾರಣೆಯೇ ಹೆಚ್ಚು ಸ್ಪಷ್ಟ. 'ಹೈಪೋಟೆನ್ಷನ್' ಎಂದರೆ ರಕ್ತದೊತ್ತಡ ಕಡಿಮೆ. 'ಹೈಪರ್‌ಟೆನ್ಷನ್' ಎಂದರೆ ಹೆಚ್ಚು. ರಕಾರವನ್ನು ನುಂಗುವ ಇಂಗ್ಲಿಷರು ಅವಸರದಲ್ಲಿ ನುಡಿದರೆ ಎರಡೂ ಒಂದೇ ರೀತಿ ಕೇಳಿಸಿ ಚಿಕಿತ್ಸೆಯೇ ತಿರುವುಮುರುವಾಗುವ ಭಯವಿದೆ. ಓಕಾರವನ್ನು ಓಕಾರವಾಗಿ, ರಕಾರವನ್ನು ರಕಾರವಾಗಿ ಒತ್ತಿ ಹೇಳುವ ಕನ್ನಡಿಗನ ಬಾಯಲ್ಲಿ ಆ ಅಪಾಯ ಕಡಿಮೆ.

ಆದ್ದರಿಂದ ನಮ್ಮ ಸಲಹೆಗಳು ಹೀಗಿವೆ. ತಿದ್ದಿಕೊಳ್ಳಬೇಕಾದವು ಕೆಲವೇ. ಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆಂದು ನಿಘಂಟಿನಲ್ಲಿ ನೋಡಿ ರೂಢಿಸಿಕೊಳ್ಳುವುದು, ಪದಾರಂಭದ ಪ, ಟ, ಕಗಳಿಗೆ ತುಸು ಉಸಿರು ಬೆರೆಸುವುದು, ಎರಡು ವಕಾರಗಳ ಭೇದವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುವುದು, ವೇಗವನ್ನು ತಗ್ಗಿಸುವುದು. ಸಂಖ್ಯೆಗಳ ವಿಷಯದಲ್ಲಂತೂ ಎಚ್ಚರ ಬೇಕು. 'ಫಿಫ್ಟೀನ್', 'ಫಿಫ್ಟಿ'ಗಳು ಎಲ್ಲರ ಬಾಯಲ್ಲಿಯೂ ಮೋಸ ಮಾಡುತ್ತವೆ. ಔಷಧದ ಪ್ರಮಾಣ ಹೇಳುವಾಗ 'ಒನ್ ಫೈವ್', 'ಫೈವ್ ಜೀರೋ' ಎಂದು ಬಿಡಿಸಿ ಹೇಳುವುದೂ, ಕೇಳಿದವರಿಂದ ಮರಳಿ ಹೇಳಿಸುವುದೂ ಆಸ್ಪತ್ರೆಗಳ ಉತ್ತಮ ಪದ್ಧತಿ. ದೂರವಾಣಿಯಲ್ಲಿ ಔಷಧದಂಗಡಿಗೆ ಹೇಳುವಾಗ ತಾವೂ ಅನುಸರಿಸಬಹುದು. ಉಳಿದ ಛಾಯೆಯನ್ನು ಹಾಗೆಯೇ ಬಿಡಿ. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ತರುಣರಿಗೆ ಉಚ್ಚಾರಣೆ ಅಳಿಸುವ ತರಬೇತಿ ನೀಡಿದ್ದನ್ನೂ, ಇತ್ತೀಚೆಗೆ ಯಂತ್ರಗಳೇ ಆ ಕೆಲಸಕ್ಕೆ ಬಂದಿರುವುದನ್ನೂ ನಾವು ಬಲ್ಲೆವು. ಅದು ಗ್ರಾಹಕನ ಅನುಕೂಲಕ್ಕಾಗಿ ನಡೆಯುವ ವ್ಯಾಪಾರವೇ ಹೊರತು ನಮ್ಮ ಮಕ್ಕಳಿಗೆ ಆದರ್ಶವಾಗಬೇಕಿಲ್ಲ.

ಕೇಳುವವರಿಗೂ ಕರ್ತವ್ಯವಿದೆ. 2004ರಲ್ಲಿ ಕ್ಲಾರ್ಕ್ ಮತ್ತು ಗ್ಯಾರೆಟ್ ಎಂಬವರು ತೋರಿಸಿದಂತೆ, ಅಪರಿಚಿತ ಉಚ್ಚಾರಣೆಗೆ ಕಿವಿ ಹೊಂದಿಕೊಳ್ಳಲು ಒಂದು ನಿಮಿಷದ ಮಾತು ಕೂಡ ಸಾಕಾದೀತು. ಆ ಒಂದು ನಿಮಿಷದ ತಾಳ್ಮೆಯನ್ನು ಎದುರಿನವರಿಗೆ ನೀಡಲಾರದಷ್ಟು ಅವಸರ ಯಾರಿಗಿದೆ? ಅಮೆರಿಕದಲ್ಲಿ ರೆಸಿಡೆನ್ಸಿಯ ದಿನಗಳಲ್ಲಿ ಅಲ್ಲಿನ ರೋಗಿಗಳ ಮಾತಿಗೆ ನಮ್ಮ ಕಿವಿಯೂ, ನಮ್ಮ ಮಾತಿಗೆ ಅವರ ಕಿವಿಯೂ ಕೆಲವೇ ವಾರಗಳಲ್ಲಿ ಹೊಂದಿಕೊಂಡವು.

ಕೊನೆಯದಾಗಿ ಈ ಸಂಘಕ್ಕೆ ನೇರವಾಗಿ ಸಂಬಂಧಿಸಿದ ಒಂದು ಮಾತು. ಇಲ್ಲಿ ಬೆಳೆದ ನಮ್ಮ ಮಕ್ಕಳು ರಜೆಗೆ ಊರಿಗೆ ಹೋದಾಗ 'ಹಳ್ಳಿ' ಎನ್ನಲು ಹೋಗಿ 'ಹಲ್ಲಿ' ಎನ್ನುತ್ತಾರೆ. ಮನೆತುಂಬ ನಗು. ಅಜ್ಜಿ ನಗುತ್ತಾರೆ, ದೊಡ್ಡಪ್ಪ ಮತ್ತೊಮ್ಮೆ ಹೇಳಿಸಿ ನಗುತ್ತಾರೆ. ಮುಂದಿನ ರಜೆಯಲ್ಲಿ ಆ ಮಗು ಕನ್ನಡದಲ್ಲಿ ಬಾಯಿ ತೆರೆಯುವುದಿಲ್ಲ, ಇಂಗ್ಲಿಷಿನಲ್ಲೇ ಉತ್ತರಿಸುತ್ತದೆ. ಶಾಲೆಯಲ್ಲಿ ತಾಯಿಯ ಇಂಗ್ಲಿಷಿಗೆ ನಕ್ಕವರಿಗೂ ಊರಿನಲ್ಲಿ ಮಗುವಿನ ಕನ್ನಡಕ್ಕೆ ನಕ್ಕವರಿಗೂ ವ್ಯತ್ಯಾಸವೇನು? ಳಕಾರವನ್ನು ನಾಲ್ಕು ತಿಂಗಳ ಅಭ್ಯಾಸದಲ್ಲಿ ಕಲಿಸಬಹುದು. ಒಮ್ಮೆ ಮುಚ್ಚಿದ ಬಾಯನ್ನು ತೆರೆಸುವುದು ಕಷ್ಟ. ಈ ಸಂಘದ ಕನ್ನಡ ತರಗತಿಗಳಲ್ಲಿ ಮಕ್ಕಳು ಎಷ್ಟು ತಪ್ಪಾಗಿಯಾದರೂ ಸರಿ, ಧಾರಾಳವಾಗಿ ಮಾತನಾಡುವಂತಾಗಲಿ; ತಿದ್ದುವವರು ಮೃದುವಾಗಿ ತಿದ್ದಲಿ, ನಗುವವರು ಮಗುವಿನ ಜೊತೆಗೂಡಿ ನಗಲಿ ಎಂದು ಪ್ರಾರ್ಥಿಸುತ್ತೇವೆ.